ಮಡುವಿನ ಮೂರನೆಯ ಪಾಲು

ಉಂಬು ಹಳ್ಳ ಹರಿಯುವುದನ್ನು ನಿಲ್ಲಿಸಿ ಹದಿನಾಲ್ಕು ತಿಂಗಳಾಗಿತ್ತು. ನಿಲ್ಲಿಸಿತ್ತು ಎನ್ನುತ್ತೇನೆ, ಒಣಗಿತ್ತು ಎನ್ನುವುದಿಲ್ಲ. ಈ ಎರಡು ಮಾತಿನ ನಡುವೆ ಏನಿದೆ ಎಂದು ನೋಡುತ್ತಿರುವುದೇ ಎಂಟು ವರ್ಷದಿಂದ ನನ್ನ ಕೆಲಸ. ವಿಶ್ವವಿದ್ಯಾಲಯದವರು ಹಳ್ಳದ ಮರಳಿನಲ್ಲಿ ಎರಡು ಆಳು ಉದ್ದದ ಕೊಳವೆ ಹೂತು, ಬಾಯಿಗೆ ಮುಚ್ಚಳ ಹಾಕಿ, ಬೀಗದ ಕೈ ನನಗೆ ಕೊಟ್ಟು ಹೋಗಿದ್ದಾರೆ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಅಳತೆಪಟ್ಟಿ ಇಳಿಬಿಟ್ಟು ನೀರು ಎಷ್ಟು ಕೆಳಗಿದೆ ಎಂದು ಬರೆದಿಡಬೇಕು.

ಮೊದಲ ವರ್ಷ ನನ್ನ ಅಳತೆಯೇ ತಪ್ಪುತ್ತಿದೆ ಎಂದು ಹೆದರಿದ್ದೆ. ಬೆಳಗಿನ ನೀರು ಸಂಜೆಗೆ ಎರಡು ಬೆರಳು ಕೆಳಗಿಳಿದಿರುತ್ತಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಮೇಲೆ. ಮಳೆಯಿಲ್ಲ, ಮೋಡವೂ ಇಲ್ಲ. ಪಟ್ಟಿಯನ್ನು ಒರೆಸಿ, ಹಿಂದೆ ಮುಂದೆ ತಿರುಗಿಸಿ, ಒಂದೇ ಅಳತೆಯನ್ನು ಆರು ಸಲ ತೆಗೆದು, ಕೊನೆಗೆ ನಾಚಿಕೆ ಬಿಟ್ಟು ಪ್ರೊಫೆಸರ್ ಎಲ್ಮಾ ಅವರಿಗೆ ಫೋನ್ ಮಾಡಿದೆ. ಅವರು ನಕ್ಕರು. "ತಪ್ಪಿಲ್ಲ ಮಾರ್ಲೂಸಿ. ದಡದ ಜಾಲಿ ಮರಗಳು ಹಗಲೆಲ್ಲಾ ನೀರು ಕುಡೀತವೆ. ಕತ್ತಲಾದ್ಮೇಲೆ ಬಾಯಿ ಮುಚ್ತವೆ. ಆಗ ಮೇಲಿನ ಮರಳಿಂದ ನೀರು ಬಂದು ತುಂಬ್ಕೊಳ್ಳತ್ತೆ." ಆಮೇಲಿನಿಂದ ಪಟ್ಟಿ ಇಳಿಬಿಡುವಾಗಲೆಲ್ಲ ಮಲಗಿದವರ ನಾಡಿ ಹಿಡಿದಂತೆ ನನ್ನ ಕೈ ಹಗುರಾಗುತ್ತದೆ.

ಇಡೀ ಬ್ರೆಜಿಲ್‌ನಲ್ಲೇ ಅತಿ ಕಡಿಮೆ ಮಳೆ ಬೀಳುವುದು ನಮ್ಮ ಕರೀರಿ ಸೀಮೆಯಲ್ಲಿ ಎಂದು ಪುಸ್ತಕಗಳಲ್ಲಿದೆ. ಪುಸ್ತಕ ಓದದವರಿಗೂ ಅದು ಗೊತ್ತು. ಊರಿನ ಕೆಳಗೆ ಹಳ್ಳ ತಿರುಗುವ ಕಡೆ, ಬಂಡೆಯ ತಗ್ಗಿನಲ್ಲಿ, ಒಂದು ಮಡು ಇದೆ. ಹರಿವು ನಿಂತ ಮೇಲೂ ನಾಲ್ಕು ತಿಂಗಳು ಅದರಲ್ಲಿ ನೀರಿರುತ್ತದೆ. ಆಮೇಲೆ ಕೆಸರು, ಅದಾದ ಮೇಲೆ ಬಿರುಕು ಬಿಟ್ಟ ಜೇಡಿ. ಜನವರಿಯ ಕೊನೆಯ ಸೋಮವಾರ ಪುರಸಭೆಯಿಂದ ಕಾಗದ ಬಂತು. ಗುರುವಾರ ಮಣ್ಣು ತೋಡುವ ಯಂತ್ರ ಬರುತ್ತದೆ. ಮಡುವನ್ನು ಬಂಡೆ ತಾಗುವವರೆಗೆ ತೋಡಿ, ಹೂಳನ್ನು ರಸ್ತೆ ಏರಿಸಲು ಒಯ್ಯುತ್ತಾರೆ. ಕೊನೆಯಲ್ಲಿ ಒಂದು ಸಾಲು: ಮಡುವಿನಲ್ಲಿ ಜೀವಿಗಳಿಲ್ಲ ಎಂದು ಹಳ್ಳ ನೋಡಿಕೊಳ್ಳುವವರು ದೃಢಪಡಿಸಬೇಕು. ಅದರ ಪಕ್ಕ ನನ್ನ ಸಹಿಗೆ ಖಾಲಿ ಗೆರೆ.

ಸಹಿ ಹಾಕಿದರೆ ಮಡು ಎರಡು ಆಳು ಆಳವಾಗುತ್ತದೆ, ಹೆಚ್ಚುಕಡಿಮೆ ವರ್ಷವಿಡೀ ನೀರು ನಿಲ್ಲುತ್ತದೆ. ಹಾಕದಿದ್ದರೆ ಯಂತ್ರ ಬೇರೆ ಊರಿಗೆ ಹೋಗುತ್ತದೆ, ಮತ್ತೆ ನಮ್ಮ ಸರದಿ ಯಾವಾಗಲೋ. ಹದಿನಾರು ಮನೆಯವರೂ ಮಡು ತೋಡಲಿ ಎಂದು ಕೈ ಎತ್ತಿದ್ದರು. ಅವರಲ್ಲಿ ನಾನೂ ಇದ್ದೆ.

ಯಂತ್ರ ಬರುವಂತೆ ಮಾಡಿದವಳು ಕಿಟೇರಿಯಾ. ಎಪ್ಪತ್ತನಾಲ್ಕು ವರ್ಷ, ಎರಡೂ ಮಂಡಿ ಸವೆದಿವೆ. ಅಂಥವಳು ನಾಲ್ಕು ಸಲ ಪುರಸಭೆಯ ಮೆಟ್ಟಿಲು ಹತ್ತಿ ಇಳಿದಿದ್ದಳು. ನನಗೆ ದೀಕ್ಷಾಸ್ನಾನ ಮಾಡಿಸಿದ ದಿನ ನನ್ನನ್ನು ಎತ್ತಿ ಹಿಡಿದವಳು ಅವಳೇ; ಹಾಗಾಗಿ ನನಗೆ ಮಾದ್ರಿನ್ಯಾ, ತಾಯಿಯ ನಂತರದ ತಾಯಿ. ಹಳ್ಳದ ಮರಳಿನಲ್ಲಿ ಅವಳದೊಂದು ಒರತೆ ಇದೆ. ಎಲ್ಲ ಮನೆಗೂ ಒಂದೊಂದು ಒರತೆ ಇರುತ್ತದೆ, ಸುತ್ತ ಮುಳ್ಳಿನ ಬೇಲಿ. ಒಬ್ಬರ ಒರತೆಗೆ ಇನ್ನೊಬ್ಬರು ಕೊಡ ಇಳಿಸುವಂತಿಲ್ಲ. ಅವಳ ಒರತೆ ಎಲ್ಲಕ್ಕಿಂತ ಹಳೆಯದು, ಬತ್ತದ್ದು. ಈಗ ಅದಕ್ಕಿಳಿಯಲು ಮರಳಿನಲ್ಲಿ ಕಡಿದ ಹನ್ನೊಂದು ಮೆಟ್ಟಿಲು.

ಆ ಮಧ್ಯಾಹ್ನ ಅವಳು ಮೆಟ್ಟಿಲಿನ ತುದಿಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಆಶೀರ್ವಾದ ಮಾಡಿ ಮಾದ್ರಿನ್ಯಾ," ಎಂದೆ.

"ದೇವರು ಒಳ್ಳೇದು ಮಾಡ್ಲಿ. ಸಹಿ ಹಾಕಿದ್ಯಾ?"

"ಇನ್ನೂ ಇಲ್ಲ."

"ಯಾಕೆ, ಪೆನ್ನಲ್ಲೂ ನೀರು ಬತ್ತಿದ್ಯಾ?"

"ಒಂದ್ಸಲ ನೋಡ್ಬೇಕು. ಮಡುವಲ್ಲಿ ಏನಾದ್ರೂ ಇದ್ಯೋ ಏನೋ."

"ಏನಿರತ್ತೆ? ಬಿರುಕಿದೆ. ಬಿರುಕೊಳಗೆ ಇನ್ನೊಂದು ಬಿರುಕಿದೆ. ಬೇಕಾದ್ರೆ ಎರಡಕ್ಕೂ ಸೇರಿಸಿ ಸಹಿ ಹಾಕು."

"ಮೀನು ಇದ್ದರೆ?"

ಅವಳು ಎಣ್ಣೆಯ ಕೈಯನ್ನು ಹಾಗೇ ಆಕಾಶಕ್ಕೆ ಎತ್ತಿದಳು. "ಮೀನು ಅಲ್ಲಿಂದ ಬೀಳತ್ತೆ. ನಾವು ತೋಡೋದು ಇಲ್ಲಿ. ಮೋಡಕ್ಕೆ ಮಿಷನ್ ಹತ್ತತ್ತಾ? ಕಾಲೇಜು ಓದಿ ಬಂದಿದ್ದೀಯ, ಇಷ್ಟು ಗೊತ್ತಾಗಲ್ವಾ ನಿಂಗೆ?"

ಮೋಡದ ಮೀನು ಎಂದೇ ಅದರ ಹೆಸರು. ಮಳೆ ಬಿದ್ದ ಎರಡು ಮೂರು ವಾರಕ್ಕೆ, ನಿನ್ನೆಯವರೆಗೆ ಧೂಳಿದ್ದ ಗುಂಡಿಯಲ್ಲಿ ಕಿರುಬೆರಳುದ್ದದ ಮೀನು ಓಡಾಡುತ್ತದೆ. ಗಂಡಿನ ಮೈಮೇಲೆ ನೀಲಿ ಚುಕ್ಕಿ, ಬಿಸಿಲಿಗೆ ಹೊಳೆಯುತ್ತದೆ. ನೀರು ಇರುವವರೆಗೆ ಇರುತ್ತದೆ, ನೀರಿನ ಜೊತೆಗೇ ಹೋಗುತ್ತದೆ. ನಾನೂ ಚಿಕ್ಕಂದಿನಲ್ಲಿ ಮಳೆ ಬಂದಾಗ ಬಾಯಿ ತೆರೆದು ನಿಂತು, ಮೀನು ಬಾಯಿಗೇ ಬಿದ್ದರೆ ಏನು ಗತಿ ಎಂದು ಹೆದರಿ ಮುಚ್ಚಿಕೊಂಡವಳು. ಆ ಮೀನು ಕೆಸರಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ, ಮೊಟ್ಟೆ ಒಣಮಣ್ಣಿನಲ್ಲಿ ಕಾಯುತ್ತದೆ ಎಂದು ಆಮೇಲೆ ಕಾಲೇಜಿನಲ್ಲಿ ಓದಿದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡೆ. ಆದರೆ ಒಂದು ಮೊಟ್ಟೆಯನ್ನೂ ಕಣ್ಣಿಂದ ಕಂಡಿರಲಿಲ್ಲ. ಕಾಣದ್ದನ್ನು ಇಲ್ಲ ಎಂದು ಬರೆದು ಸಹಿ ಹಾಕಲು ಕೈ ಬರಲಿಲ್ಲ. ಕಾಣದ್ದನ್ನು ಇದೆ ಎಂದು ಹೇಳಿ ಹದಿನಾರು ಮನೆಯ ನೀರು ತಪ್ಪಿಸಲೂ ಧೈರ್ಯ ಬರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಗುದ್ದಲಿ, ಹಿಟ್ಟಿನ ಜರಡಿ ಮತ್ತು ಕಾಲೇಜಿನವರು ಕೊಟ್ಟಿದ್ದ ಭೂತಗನ್ನಡಿ ಹಿಡಿದುಕೊಂಡು ಮಡುವಿಗಿಳಿದೆ. ಜೇಡಿ ತಟ್ಟೆ ತಟ್ಟೆಯಾಗಿ ಎದ್ದಿತ್ತು. ಒಂದು ತಟ್ಟೆ ಎತ್ತಿದರೆ ಅಡಿಯ ಮಣ್ಣು ತಣ್ಣಗಿತ್ತು. ಒದ್ದೆಯಲ್ಲ, ತಣ್ಣಗೆ, ಅಷ್ಟೇ. ಅದನ್ನು ಪುಡಿ ಮಾಡಿ, ಜರಡಿಯಲ್ಲಿ ಆಡಿಸಿ, ಉಳಿದ ಕಾಳನ್ನು ಬಿಳಿ ಬಟ್ಟೆಯ ಮೇಲೆ ಹರವಿ ನೋಡುತ್ತ ಹೋದೆ. ಮರಳಕಾಳು. ಬಸವನಹುಳುವಿನ ಚಿಪ್ಪಿನ ಚೂರು. ಹುಲ್ಲಿನ ಬೀಜ. ಮತ್ತೆ ಮರಳಕಾಳು. ಹನ್ನೆರಡನೆಯ ಹಿಡಿಯಲ್ಲಿ ಸಾಸಿವೆಯಷ್ಟು ದೊಡ್ಡದೊಂದು ಕಾಳು, ಉಳಿದವುಗಳಂತೆ ಉರುಳದೆ, ಬಟ್ಟೆಗೆ ಅಂಟಿಕೊಂಡಿತು.

ಕನ್ನಡಿ ಹಿಡಿದೆ. ಗಾಜಿನಂಥ ಚಿಪ್ಪು, ಮೇಲೆಲ್ಲ ಸಣ್ಣ ಸಣ್ಣ ಕೂದಲು. ಒಳಗೆ ಸುರುಳಿ ಸುತ್ತಿ ಮಲಗಿದ ಒಂದು ಗೆರೆ. ಗೆರೆಯ ತುದಿಯಲ್ಲಿ ಎರಡು ಕಪ್ಪು ಚುಕ್ಕಿ, ಅಂಚಿನಲ್ಲಿ ಚೂರು ಬಂಗಾರದ ಬಣ್ಣ.

ಕಣ್ಣುಗಳು ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಮೊಟ್ಟೆಯೊಳಗೆ ಮೀನು ಆಗಬೇಕಾದ ಯಾವುದೋ ಒಂದು ವಸ್ತು ಇರುತ್ತದೆ ಎಂದುಕೊಂಡಿದ್ದೆ. ಇದು ಆಗಿ ಮುಗಿದ ಮೀನು. ಬೆನ್ನು, ಬಾಲ, ಕಣ್ಣು, ಎಲ್ಲವನ್ನೂ ಸಿದ್ಧಮಾಡಿಕೊಂಡು, ಬಾಗಿಲ ಹಿಂದೆ ಚಪ್ಪಲಿ ಹಾಕಿಕೊಂಡು ನಿಂತವರಂತೆ ನಿಂತುಬಿಟ್ಟಿತ್ತು. ಎದೆಯ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಮಿಡಿಯಿತು. ಮಿಡಿಯಿತೋ, ಕನ್ನಡಿ ಅಲುಗಿತೋ, ಆಣೆ ಮಾಡಿ ಹೇಳಲಾರೆ. ಮಡು ಆರಿದಾಗಿನಿಂದ ನಾನು ದಿನಕ್ಕೆರಡು ಸಲ ಇದರ ಮೇಲೆ ನಡೆದುಹೋಗಿದ್ದೆ. ಮೇಕೆಗಳು ಹೋಗಿದ್ದವು, ಕತ್ತೆಗಾಡಿ ಹೋಗಿತ್ತು. ಕೆಳಗೆ ಕಣ್ಣು ತೆರೆದೇ ಇತ್ತು.

ಬೆಳಕಿರುವವರೆಗೆ ಹುಡುಕಿ ಹದಿನೇಳು ಮೊಟ್ಟೆ ಕೂಡಿಸಿದೆ. ಒಂದು ಹಿಡಿ ಮಣ್ಣಿನ ಜೊತೆ ಬಿಳಿ ಬೇಸಿನ್ನಿಗೆ ಹಾಕಿ, ನಮ್ಮ ಒರತೆಯ ನೀರು ಸುರಿದು, ಅಡಿಗೆಮನೆಯ ಕಿಟಕಿಯ ಕೆಳಗಿಟ್ಟೆ.

ಮಂಗಳವಾರ ಬೆಳಿಗ್ಗೆ ನೋಡಿದರೆ ಒಂದೂ ಒಡೆದಿರಲಿಲ್ಲ. ಕೊಳವೆಯ ಅಳತೆ ತೆಗೆದುಕೊಂಡು ಬಂದು ಮತ್ತೆ ನೋಡಿದೆ. ಇಲ್ಲ. ನಮ್ಮ ನೆರೆಮನೆಯ ಜುರಾಂದೀರ್ ಮೇಕೆ ಹೊಡೆದುಕೊಂಡು ಹೋಗುವವನು ಕಿಟಕಿಯಿಂದ ಇಣುಕಿದ.

"ಏನಕ್ಕಾ, ಮಣ್ಣಿನ ಸಾರಾ? ಉಪ್ಪು ಹಾಕಿದ್ರಾ?"

ಅವನು ತಮಾಷೆಗೆ ಹೇಳಿದ ಮಾತು ನನ್ನನ್ನು ಚುಚ್ಚಿ ಎಬ್ಬಿಸಿತು. ಒರತೆಯ ನೀರು ಸವಳು. ಮಳೆ ದೂರಾದಷ್ಟೂ ಅದರ ಉಪ್ಪು ಏರುತ್ತದೆ. ಅದು ಮಳೆಯಲ್ಲ ಎಂದು ನಾಲಿಗೆಗೇ ತಿಳಿಯುತ್ತದೆ. ಮೊಟ್ಟೆಗೂ ತಿಳಿದಿರಬೇಕು. ಎಲ್ಮಾ ಅವರಿಗೆ ಧ್ವನಿಸಂದೇಶ ಕಳಿಸಿದೆ. ಅವರು ಎಲ್ಲೋ ಬಸ್ಸಿನಲ್ಲಿದ್ದರು, ಗದ್ದಲದ ನಡುವೆ ಕೂಗಿ ಉತ್ತರಿಸಿದರು: "ಮಳೆನೀರು ಹಾಕು! ತಣ್ಣಗಿರ್ಲಿ!"

ಮಳೆನೀರು ಇದ್ದದ್ದು ಮಾಡಿನ ನೀರು ಹಿಡಿಯುವ ತೊಟ್ಟಿಯಲ್ಲಿ ಮಾತ್ರ, ಕುಡಿಯುವುದಕ್ಕೆ. ತೊಟ್ಟಿಯೊಳಗೆ ಕೋಲು ಇಳಿಸಿ ನೋಡಿದೆ, ಎರಡು ಗೇಣು. ಎರಡು ಚೊಂಬು ಎತ್ತಿಕೊಂಡು ಒಳಗೆ ಬರುವಷ್ಟರಲ್ಲಿ ಕಿಟೇರಿಯಾ ಬಾಗಿಲಲ್ಲಿ ನಿಂತಿದ್ದಳು. ಕಾಗದ ಒಯ್ಯಲು ಬಂದಿದ್ದಳು. ಹಳೆಯ ನೀರು ಬಸಿದು ಹೊಸದನ್ನು ನಾನು ಬೇಸಿನ್ನಿಗೆ ಸುರಿಯುವುದನ್ನು ನೋಡಿ ಅವಳ ಮುಖ ಬಿಗಿದುಕೊಂಡಿತು.

"ಕುಡಿಯೋ ನೀರನ್ನ ಮಣ್ಣಿಗೆ ಹಾಕ್ತೀಯೇನೇ?"

"ಎರಡೇ ಚೊಂಬು ಮಾದ್ರಿನ್ಯಾ."

"ಎರಡು ಚೊಂಬಿಗೆ ನಾನು ಹನ್ನೊಂದು ಮೆಟ್ಲು ಇಳೀತೀನಿ. ಹತ್ತೋದು ಬೇರೆ."

ಕಾಫಿ ಕಾಸಿ, ಹಬೆಯಲ್ಲಿ ಬೇಯಿಸಿದ ಜೋಳದ ಹಿಟ್ಟಿನ ಕುಸ್ಕುಸ್ಸಿನ ಜೊತೆ ಮೇಕೆ ಗಿಣ್ಣು ಇಟ್ಟು ಕೊಟ್ಟೆ. ಅವಳು ಕೋಪದಲ್ಲಿಯೂ ತಟ್ಟೆ ಬಿಡುವವಳಲ್ಲ. ಕಾಫಿಗೆ ಎರಡನೇ ಸಲ ಬೆಲ್ಲ ಹಾಕಿಕೊಳ್ಳುವಾಗ ಅವಳ ಕಣ್ಣು ಬೇಸಿನ್ನಿನ ಕಡೆ ಹೋಯಿತು.

"ಕಸ ಅಲ್ಲಾಡ್ತಾ ಇದೆ," ಎಂದಳು.

ಕಸವಲ್ಲ. ರೆಪ್ಪೆಯ ಕೂದಲಿನಷ್ಟು ತೆಳ್ಳಗಿನದೊಂದು ಜೀವ ತಳದಿಂದ ಜಿಗಿದು, ಅರ್ಧ ದಾರಿಗೆ ಬಂದು, ಮತ್ತೆ ಕೆಳಗಿಳಿಯಿತು. ಪುನಃ ಜಿಗಿಯಿತು. ಮೂರನೆಯ ಸಲಕ್ಕೆ ನೀರಿನ ಮೇಲ್ಮೈ ತಾಗಿ, ಅಲ್ಲಿಂದ ನೇರ ಈಜಿತು, ಅದಕ್ಕೆ ಯಾರೋ ಈ ಮೊದಲೇ ದಾರಿ ತೋರಿಸಿದ್ದರೇನೋ ಎಂಬ ಹಾಗೆ. ನಾವಿಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದೆವು. ಇನ್ನೊಂದು ಚಿಪ್ಪು ಒಡೆಯುವುದನ್ನು ಅವಳು ಬರಿಗಣ್ಣಿನಲ್ಲೇ ಮೊದಲು ಕಂಡಳು. ಬಾಲ ಮೊದಲು ಹೊರಬಂತು, ಒದ್ದಾಡಿತು, ತಲೆ ಬಿಡಿಸಿಕೊಂಡಿತು. ಹುಟ್ಟಿ ಉಸಿರೆಳೆಯುವಷ್ಟು ಹೊತ್ತೂ ಆಗಿರಲಿಲ್ಲ, ಅದು ಬೇಟೆಗೆ ಹೊರಟಿತ್ತು.

ಕಿಟೇರಿಯಾ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ, ತನ್ನ ಮಾತನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ, ಕೇಳಿದಳು. "ಹಾಗಾದ್ರೆ ನನ್ನ ಅಲಸಂದೆ ಹೊಲದ್ದು?"

"ಯಾವುದು?"

"ನನ್ನ ಹಿರೇ ಮಗಳು ಹುಟ್ಟಿದ ವರ್ಷದ್ದು. ಹೇಳಿದ್ದೀನಲ್ಲ ನೂರು ಸಲ. ಹಳ್ಳದ ನೀರು ಆ ದಿಬ್ಬ ಹತ್ತಿದ್ದನ್ನ ನಮ್ಮಪ್ಪನೂ ನೋಡಿಲ್ಲ, ಅವರಪ್ಪನೂ ನೋಡಿಲ್ಲ. ದಿಬ್ಬದ ಮೇಲಿನ ಹೊಲದ ಗುಂಡೀಲಿ ಮೀನು ಓಡಾಡ್ತಿತ್ತು. ಈ ಕಣ್ಣಲ್ಲೇ ನೋಡಿದ್ದು. ಮೋಡದಿಂದ ಬೀಳ್ದೆ ಮೆಟ್ಲು ಹತ್ಕೊಂಡು ಬಂತಾ ಅದು?"

ಆ ಕಥೆ ನನಗೆ ಬಾಯಿಪಾಠ. ಆದರೆ ಅದರ ಬಗ್ಗೆ ಒಂದು ಪ್ರಶ್ನೆ ಕೇಳಬೇಕೆಂದು ಅವತ್ತಿನವರೆಗೆ ತೋಚಿರಲಿಲ್ಲ.

"ಆ ವರ್ಷ ಮಡುವಿನ ಹೂಳು ಎತ್ತಿದ್ರಾ?"

"ಎತ್ತದೆ? ಪ್ರತಿ ಬೇಸಿಗೇಲೂ ಎತ್ತುತಿದ್ವಿ. ಆಗ ಮಿಷನ್ ಯಾರಪ್ಪಂದಿತ್ತು? ಹದಿನಾರು ಮನೆಯವರೂ ಸಾಲಾಗಿ ನಿಂತು ಬುಟ್ಟೀಲಿ..."

ಅಲ್ಲಿಗೆ ನಿಂತಳು.

"ಎಲ್ಲಿಗೆ ಹಾಕಿದ್ರಿ ಮಾದ್ರಿನ್ಯಾ?"

ಅವಳ ಕೈ ತಾನಾಗಿ ಮೇಲೆದ್ದು ನೆತ್ತಿಯನ್ನು ಮುಟ್ಟಿಕೊಂಡಿತು, ಸಿಂಬಿ ಇಟ್ಟೂ ಇಟ್ಟೂ ಕೂದಲು ತೆಳುವಾದ ಜಾಗವನ್ನು.

"ಹೊಲಕ್ಕೆ," ಎಂದಳು. "ಗೊಬ್ಬರ ಅಂತ." ಆಮೇಲೆ, ಇನ್ನೊಬ್ಬರ ವಿಷಯ ಹೇಳುವವಳಂತೆ, "ನಾನೇ ಹೊತ್ತಿದ್ದೀನಿ. ತಲೆ ಮೇಲೆ. ಬುಟ್ಟಿ ಬುಟ್ಟಿ ಮೀನು. ಹೊಟ್ಟೇಲಿ ಕೂಸು, ತಲೆ ಮೇಲೆ ಅವು."

ಸಂಜೆಯ ಅಳತೆಗೆ ಹೋಗುವ ಹೊತ್ತಾದರೂ ನಾನು ಕದಲಲಿಲ್ಲ. ಮೂರನೆಯದೊಂದು ಮರಿ ಹೊರಬಂತು. ಅಷ್ಟೇ. ಉಳಿದ ಹದಿನಾಲ್ಕು ಮೊಟ್ಟೆಗಳು ಕಣ್ಣು ಬಿಟ್ಟುಕೊಂಡೇ ಮುಚ್ಚಿಕೊಂಡಿದ್ದವು. ನನಗೆ ಮತ್ತೆ ದಿಗಿಲಾಯಿತು. ನೀರು ಬೆಚ್ಚಗಾಯಿತೇ? ಸವಳಿನಲ್ಲಿ ಒಂದು ರಾತ್ರಿ ಇಟ್ಟು ನಾನೇ ಅವನ್ನು ಕೊಂದೆನೇ? ಎಲ್ಮಾ ಅವರಿಗೆ ಎರಡನೆಯ ಸಂದೇಶ ಕಳಿಸಿದೆ. ಉತ್ತರ ಬಂದಾಗ ಕಿಟೇರಿಯಾಗೂ ಕೇಳಲಿ ಎಂದು ಫೋನನ್ನು ಬೇಸಿನ್ನಿನ ಪಕ್ಕ ಇಟ್ಟೆ.

"ಹೆದರಬೇಡ, ಸತ್ತಿಲ್ಲ," ಎಂದಿತು ಎಲ್ಮಾ ಅವರ ಧ್ವನಿ. "ಎಲ್ಲವೂ ಒಂದೇ ಸಲಕ್ಕೆ ಒಡೆಯಲ್ಲ. ಮೊದಲ ಮಳೆ ಸುಳ್ಳು ಮಳೆ ಆಗಿರಬಹುದಲ್ಲ? ವಾರದಲ್ಲೇ ನೀರು ಆರಿಹೋದ್ರೆ ಹೊರಗೆ ಬಂದವೆಲ್ಲ ಸಾಯ್ತವೆ. ಅದಕ್ಕೇ ಒಂದಷ್ಟು ಎರಡನೇ ಮಳೆಗೆ, ಒಂದಷ್ಟು ಮುಂದಿನ ವರ್ಷಕ್ಕೆ ಉಳ್ಕೊಳ್ತವೆ. ಒಂದೇ ತಾಯಿ ಒಂದೇ ದಿನ ಇಟ್ಟ ಮೊಟ್ಟೆಗಳಾದ್ರೂ ಅಷ್ಟೇ. ಯಾವುದು ಹೋಗ್ಬೇಕು, ಯಾವುದು ಇರಬೇಕು ಅಂತ ಹೇಗೆ ತೀರ್ಮಾನ ಆಗತ್ತೋ, ನಮಗಿನ್ನೂ ಪೂರ್ತಿ ಗೊತ್ತಿಲ್ಲ ಮಾರ್ಲೂಸಿ."

"ಇನ್ನೊಂದ್ಸಲ ಹಾಕು," ಎಂದಳು ಕಿಟೇರಿಯಾ. ಇನ್ನೊಂದು ಸಲ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಮನೆ ಗೂಡಲ್ಲಿ ಬಾಟ್ಲಿ ಎಷ್ಟಿವೆ ಹೇಳು," ಎಂದಳು.

"ಒಂಬತ್ತು."

"ಏನಿದೆ ಅದ್ರಲ್ಲಿ?"

"ಬೀಜ. ಅಲಸಂದೆ, ಜೋಳ."

"ಮೊದಲ್ನೇ ಮಳೆಗೆ ಎಷ್ಟು ಬಾಟ್ಲಿ ತೆಗೀತೀನಿ?"

"ಮೂರು."

"ಆಮೇಲೆ?"

"ಎರಡನೇ ಮಳೆಗೆ ಮೂರು. ಇನ್ನು ಮೂರು ತೆಗೆಯೋದೇ ಇಲ್ಲ."

"ಎಷ್ಟೇ ಹಸಿವಾದ್ರೂ ತೆಗೆಯಲ್ಲ. ನಮ್ಮವ್ವ ಹೇಳಿಕೊಟ್ಟಿದ್ದು, ಅವಳಿಗೆ ಅವರವ್ವ." ಬೇಸಿನ್ನಿನತ್ತ ಬೆರಳು ತೋರಿಸಿದಳು. "ಇವಕ್ಕೆ ಯಾವ ಅವ್ವ ಹೇಳಿಕೊಟ್ಲು? ಇವು ಅವ್ವನ ಮುಖಾನೇ ನೋಡಲ್ವಲ್ಲ."

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಅವಳು ಕಾಗದವನ್ನು ಕೇಳದೆ ಹೋದಳು.

ಬುಧವಾರ ಚರ್ಚಿನ ಜಗಲಿಯ ಮೇಲೆ ಎಲ್ಲರೂ ಸೇರಿದರು. ಬೇಸಿನ್ನನ್ನು ನಡುವೆ ಇಟ್ಟಿದ್ದೆವು. ಮಕ್ಕಳು, ಮುದುಕರು, ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಜುರಾಂದೀರ್ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದ, ಆದ್ದರಿಂದಲೇ ಏನೋ, ಎಲ್ಲರಿಗಿಂತ ಜೋರಾಗಿ ಮಾತಾಡಿದ.

"ಚೆನ್ನಾಗಿದೆ. ಒಪ್ಕೋತೀನಿ. ಆದ್ರೆ ನನ್ನ ನಲವತ್ತು ಮೇಕೆ ಇದನ್ನ ನೋಡಿ ಬಾಯಾರಿಕೆ ತೀರಿಸ್ಕೊಳ್ತವಾ? ಓದಿದೋರು ಮೀನಿನ ಪರ ವಕೀಲಿಕೆ ಮಾಡ್ತಾರೆ. ಮೇಕೆ ಪರ ಯಾರು ಮಾಡ್ತಾರೆ?"

"ನೀನೇ ಮಾಡ್ತಾ ಇದ್ದೀಯಲ್ಲ, ಗಡ್ಡ ಬೇರೆ ಇದೆ," ಎಂದಳು ಕಿಟೇರಿಯಾ. ನಗು ಎದ್ದಿತು. ಅದು ಅಡಗುವುದರೊಳಗೆ ಅವಳು ಹೇಳಿದಳು: "ಮಡು ತೋಡ್ಸೋಣ. ಆದ್ರೆ ಪೂರ್ತಿ ಬೇಡ. ಮೂರರಲ್ಲಿ ಒಂದು ಪಾಲು ಮುಟ್ಟೋದು ಬೇಡ. ಬಾಟ್ಲಿ ಹಾಗೆ."

ಎಷ್ಟು ನೀರು ಕಡಿಮೆಯಾಗುತ್ತದೆ ಎಂದು ನನ್ನನ್ನು ಕೇಳಿದರು. ಬಾಟ್ಲಿಯ ಮಾತು ಕೇಳಿದಾಗಲೇ ನನಗೂ ಅದೇ ತೋಚಿ, ಹಿಂದಿನ ದಿನವೇ ಲೆಕ್ಕ ಹಾಕಿದ್ದೆ, ನಾಲ್ಕು ಸಲ. ಪೂರ್ತಿ ತೋಡಿದರೆ ಹನ್ನೊಂದು ತಿಂಗಳ ನೀರು, ಪಾಲು ಬಿಟ್ಟರೆ ಎಂಟೂವರೆ ಎಂದೆ. ನಷ್ಟವನ್ನು ಕಡಿಮೆ ಮಾಡಿ ಹೇಳುವ ಆಸೆಯಾಗಿತ್ತು, ಹೇಳಲಿಲ್ಲ. ಒಂದು ಪಾಲು ಬಿಟ್ಟರೆ ಮೀನಿಗೆ ಸಾಕೇ ಎಂದು ಯಾರೋ ಕೇಳಿದರು. ಅದೂ ಗೊತ್ತಿಲ್ಲ ಎಂದೆ.

ಮುಂದೆ ಕೂತಿದ್ದ ಇಬ್ಬರು ಹೋಗಲು ಎದ್ದರು. ಎಂಟೂವರೆ ತಿಂಗಳು ಎಂದರೆ ಬೇಸಿಗೆಯ ಬಾಯಿಗೆ ಕೊಡ ಖಾಲಿ ಎಂದು ಎಲ್ಲರಿಗೂ ಅರ್ಥವಾಗಿತ್ತು. ಬೇಡ ಎಂಬ ಉತ್ತರ ಬಂದುಬಿಟ್ಟಿತು ಎಂದುಕೊಂಡು ನಾನು ಬೇಸಿನ್ನಿನ ಅಂಚು ಹಿಡಿದುಕೊಂಡೆ.

"ಆ ಎರಡೂವರೆ ತಿಂಗಳು ನನ್ನ ಒರತೆಗೆ ಬನ್ನಿ," ಎಂದಳು ಕಿಟೇರಿಯಾ. "ಬೇಲಿ ತೆಗೀತೀನಿ."

ಆ ಮುಳ್ಳುಬೇಲಿಯೊಳಗೆ ಅವಳ ಸ್ವಂತ ತಂಗಿಯೂ ಕೊಡ ಇಳಿಸಿರಲಿಲ್ಲ. ಆ ಕಾರಣಕ್ಕೆ ಇಬ್ಬರ ನಡುವೆ ಆರು ವರ್ಷ ಮಾತು ನಿಂತಿತ್ತು. ಜುರಾಂದೀರ್ ತಲೆಯ ಮೇಲಿನ ಚರ್ಮದ ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸಿದ.

"ಮೇಕೆಗೂನಾ?" ಎಂದ.

"ಮೇಕೆಗೂ. ಆದ್ರೆ ನೀನು ಮೆಟ್ಲು ಇಳಿದು ನೀರು ಸೇದ್ಬೇಕು. ಮೇಕೆ ಒಳಗೆ ಬಂದ್ರೆ ಅವತ್ತೇ ಊರಿಗೆಲ್ಲ ಅದ್ರ ಸಾರು."

ಗುರುವಾರ ಬೆಳಕು ಹರಿಯುವಾಗಲೇ ನಾವಿಬ್ಬರೂ ಮಡುವಿಗಿಳಿದೆವು. ಯಾವ ಪಾಲು ಬಿಡಬೇಕೆಂದು ಗೊತ್ತಾಗಬೇಕಿತ್ತು. ಹತ್ತು ಕಡೆ ಗುಳಿ ತೆಗೆದೆ. ದಡದ ಹತ್ತಿರ ಒಂದು ಎರಡು ಮೊಟ್ಟೆ. ಉಂಬು ಮರದ ನೆರಳು ಬೀಳುವ, ಎಲ್ಲಕ್ಕಿಂತ ಕೊನೆಗೆ ಕೆಸರು ಆರಿದ ಮೂಲೆಯಲ್ಲಿ ಹಿಡಿಗೆ ನಾಲ್ಕು, ಐದು. ಕಿಟೇರಿಯಾ ಕನ್ನಡಿ ಕೇಳಿದಳು. ಹಿಡಿಯುವುದು ಹೇಗೆಂದು ತೋರಿಸಿದೆ. ಅವಳು ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು, ಅಂಗೈಯ ಮೇಲಿನ ಕಾಳನ್ನು ನೋಡುತ್ತ ನಿಂತಳು. ಸೂರ್ಯ ದಡದ ಮೇಲೆ ಬಂದು ಅವಳ ಅಂಗೈ ಕೆಂಪಾಯಿತು.

"ಇದು ನನ್ನ ನೋಡ್ತಾ ಇದೆ," ಎಂದು ಪಿಸುಗುಟ್ಟಿದಳು.

ಆಮೇಲೆ ಅದನ್ನು ಎಲ್ಲಿಂದ ತೆಗೆದಿದ್ದೆವೋ ಅಲ್ಲಿಯೇ ಇಟ್ಟು, ಮೇಲೆ ಜೇಡಿಯ ತಟ್ಟೆ ಮುಚ್ಚಿ, ಸುಣ್ಣದ ಡಬ್ಬಿ ಹಿಡಿದು ತಾನೇ ಗೆರೆ ಎಳೆದಳು. ಮಂಡಿ ಬಾಗುತ್ತಿರಲಿಲ್ಲ, ಸೊಂಟದಿಂದ ಬಗ್ಗಿ, ಡಬ್ಬಿ ಅಲುಗಿಸುತ್ತ, ಹಿಂದೆ ಹಿಂದೆ ನಡೆದಳು. ಗೆರೆ ಎಲ್ಲಿಯೂ ನೆಟ್ಟಗಿರಲಿಲ್ಲ. ಅಳೆದು ನೋಡಿದೆ. ಮೂರನೆಯ ಪಾಲಿಗಿಂತ ಎರಡು ಹೆಜ್ಜೆ ಹೆಚ್ಚೇ ಇತ್ತು. ಸುಮ್ಮನಿದ್ದೆ.

ಯಂತ್ರ ಏಳೂವರೆಗೆ ಬಂತು. ನಡೆಸುವವನ ಹೆಸರು ಜೆನಿವಾಲ್, ದಪ್ಪ ಮನುಷ್ಯ, ಕುತ್ತಿಗೆಗೆ ಒದ್ದೆ ಟವಲು. ಕಾಗದ ಕೊಟ್ಟೆ. ಜೀವಿಗಳಿಲ್ಲ ಎಂಬ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ‘ಜೀವಿಗಳಿವೆ; ಗೆರೆಯ ಆಚೆ ಮುಟ್ಟದೆ ತೋಡಬಹುದು’ ಎಂದು ಬರೆದು ಸಹಿ ಹಾಕಿದ್ದೆ. ಅವನು ಎರಡು ಸಲ ಓದಿದ.

"ಈ ಥರ ಬರೆದದ್ದು ಯಾರೂ ಕೊಟ್ಟಿಲ್ಲ ನಂಗೆ," ಎಂದ. "ಎಲ್ಲಿದೆ ಜೀವಿ? ಹಸುವಾ, ಹಾವಾ?"

"ಆಮೇಲೆ ತೋರಿಸ್ತೀವಪ್ಪ, ಮೊದ್ಲು ಕೆಲ್ಸ ಮಾಡು," ಎಂದಳು ಕಿಟೇರಿಯಾ. ತನ್ನ ಗೆರೆಯ ಈಚೆ ಕಾಲೂರಿ ನಿಂತಳು. ಮಧ್ಯಾಹ್ನದವರೆಗೆ ಅಲ್ಲಿಂದ ಕದಲಲಿಲ್ಲ.

ಅವನು ನುರಿತ ಕೆಲಸಗಾರ. ಕಬ್ಬಿಣದ ಹಲ್ಲು ಸುಣ್ಣದಿಂದ ಗೇಣು ದೂರಕ್ಕೆ ಬಂದು ಬಂದು ನಿಲ್ಲುತ್ತಿತ್ತು. ಆಳು ಮಟ್ಟ ಇಳಿದಾಗ ತೋಡಿದ ಗೋಡೆ ಕಪ್ಪಾಯಿತು. ಇನ್ನೂ ಅರ್ಧ ಆಳು ಇಳಿದಾಗ ಗೋಡೆಯಿಂದ ನೀರು ಜಿನುಗಿತು; ಮೇಲಿನ ಮರಳಿನಿಂದ, ನಾನು ಕೊಳವೆಯಲ್ಲಿ ಮಾತ್ರ ಮುಟ್ಟಿ ನೋಡಿದ್ದ ನೀರು, ಸದ್ದಿಲ್ಲದೆ, ಕಣ್ಣೆದುರಿಗೆ ನಡೆದು ಬರುತ್ತಿತ್ತು. ಎಲ್ಲರೂ ನೋಡುತ್ತ ನಿಂತೆವು.

ಮೂರು ಗಂಟೆಗೆ ಯಂತ್ರ ನಿಂತಾಗ ಜೆನಿವಾಲ್ ಇಳಿದು ಬಂದು, "ಈಗ ತೋರ್ಸಿ," ಎಂದ. ನೆರಳಿನ ಮೂಲೆಯಿಂದ ಒಂದು ಮೊಟ್ಟೆ ತೆಗೆದು ಅವನ ಅಂಗೈಗೆ ಹಾಕಿ ಕನ್ನಡಿ ಕೊಟ್ಟೆ. ಅವನು ಕನ್ನಡಿಯನ್ನು ಹತ್ತಿರ ತಂದ, ದೂರ ಹಿಡಿದ.

"ಕಣ್ಣು," ಎಂದ.

"ಹೌದು."

"ಎಲ್ಲಾ ಮಡುವಲ್ಲೂ ಇರ್ತವಾ ಇವು?"

"ಎಲ್ಲದರಲ್ಲೂ ಅಂತ ಹೇಳೋಕಾಗಲ್ಲ. ಇರಬಹುದು."

ಅವನು ಮೊಟ್ಟೆಯನ್ನು ನನ್ನ ಕೈಗೆ ಹಿಂದಿರುಗಿಸಿ ಕುತ್ತಿಗೆಯ ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡು ಮುಗಿದ ಮೇಲೂ ಟವಲು ಮುಖದ ಮೇಲೆಯೇ ಇತ್ತು. "ಇದಕ್ಕೆ ಮುಂಚೆ ಈ ತಿಂಗಳು ಏಳು ಮಡು ತೋಡಿದ್ದೀನಿ ಅಕ್ಕಾ," ಎಂದ. "ಏಳೂ ಕಾಗದಕ್ಕೆ ಸಹಿ ಇತ್ತು."

ಕಿಟೇರಿಯಾ ಅವನ ಹತ್ತಿರ ಹೋಗಿ, ಬುಟ್ಟಿ ಇಳಿಸುವವಳಂತೆ ಅವನ ಹೆಗಲ ಮೇಲೆ ಕೈಯಿಟ್ಟಳು. "ನಾನು ನಲವತ್ತು ವರ್ಷ ಹೊತ್ತಿದ್ದೀನಿ, ಗೊತ್ತಿಲ್ದೆ," ಎಂದಳು. "ನಾಳೆ ಎಲ್ಲಿಗೆ?"

"ಸೆರ್ರೋಟೆಗೆ. ಒಂಬತ್ತನೇದು. ಬೆಳಿಗ್ಗೆ ಏಳಕ್ಕೆ ಶುರು."

"ಅಲ್ಲಿ ಹಳ್ಳ ನೋಡ್ಕೊಳ್ಳೋರು ಯಾರಿದ್ದಾರೆ?"

"ಯಾರೂ ಇಲ್ಲ. ಅಂಗಡಿಯವನು ಸಹಿ ಹಾಕ್ತಾನೆ."

ಇಬ್ಬರೂ ನನ್ನನ್ನು ನೋಡಿದರು. ಸೆರ್ರೋಟೆಯಲ್ಲಿ ನನಗೆ ಪರಿಚಯದವರಿಲ್ಲ. ಅಲ್ಲಿಯ ಜನ ಏನೆನ್ನುತ್ತಾರೋ, ಮೊಟ್ಟೆ ಸಿಗದಿದ್ದರೆ ಮುಖ ಎಲ್ಲಿಡಲಿ, ಸಿಕ್ಕರೆ ಅವರ ನೀರಿಗೆ ನಾನು ಏನು ಉತ್ತರ ಕೊಡಲಿ, ರಾತ್ರಿ ಎಲ್ಲಿ ಮಲಗಲಿ. ಇಷ್ಟೂ ಒಂದೇ ಉಸಿರಿಗೆ ತಲೆಯಲ್ಲಿ ಓಡಿದವು. ಕೆಲವನ್ನು ಬಾಯಿಬಿಟ್ಟೂ ಹೇಳಿದೆ.

"ಸಂಜೆ, ಬೆಳಿಗ್ಗೆ ಅಳತೆ ನಾನು ತೆಗೀತೀನಿ," ಎಂದ ಜುರಾಂದೀರ್ ಹಿಂದಿನಿಂದ. "ಪಟ್ಟಿ ಇಳಿಸೋದು, ಓದೋದು. ಅದೇನು ದೊಡ್ಡ ವಿದ್ಯೆ?"

"ಹೋಗು ಮಗಳೇ," ಎಂದಳು ಕಿಟೇರಿಯಾ. "ಅಲ್ಲಿರೋರ ತಲೆ ಮೇಲೂ ಬುಟ್ಟಿ ಇದೆ."

ಜುರಾಂದೀರನಿಗೆ ಬೀಗದ ಕೈ ಕೊಟ್ಟು, ಪಟ್ಟಿ ಓದುವುದನ್ನು ಮೂರು ಸಲ ಹೇಳಿ, ನಾಲ್ಕನೆಯ ಸಲಕ್ಕೆ ಅವನು ಕೈ ಮುಗಿದ ಮೇಲೆ, ಯಂತ್ರದ ಮೆಟ್ಟಿಲು ಹತ್ತಿ ಜೆನಿವಾಲ್‌ನ ಪಕ್ಕ ತಗಡಿನ ಪೆಟ್ಟಿಗೆಯ ಮೇಲೆ ಕೂತೆ. ಯಂತ್ರ ದಡ ಏರಿತು. ಎಂಟು ವರ್ಷ ನಾನು ಹಳ್ಳದೊಳಗೇ ನಡೆದವಳು. ಇಷ್ಟು ಎತ್ತರದಿಂದ ಅದನ್ನು ಕಂಡಿರಲಿಲ್ಲ. ಬೂದಿಬಣ್ಣದ ಕುರುಚಲಿನ ನಡುವೆ ಜಾಲಿಯ ಹಸಿರು ಒಂದು ಸಾಲಾಗಿ ಹೊರಟು, ಬಂಡೆ ಬಂದಲ್ಲಿ ಬಾಗಿ, ಇನ್ನೊಂದು ಸಣ್ಣ ಹಸಿರನ್ನು ಸೇರಿಸಿಕೊಂಡು, ಸೆರ್ರೋಟೆಯ ಗುಡ್ಡದ ಬುಡದವರೆಗೆ, ಅದರಾಚೆಗೂ ಹೋಗುತ್ತಿತ್ತು. ಒಂದು ಹನಿ ನೀರೂ ಎಲ್ಲಿಯೂ ಕಾಣುತ್ತಿರಲಿಲ್ಲ. ಹಳ್ಳ ಎಲ್ಲಿಯೂ ತುಂಡಾಗಿರಲಿಲ್ಲ.